ಗ್ರಾಮ ಪಂಚಾಯಿತಿಯ ಟೆಲಿಮೆಟ್ರಿಕ್ ಮಳೆಮಾಪಕ: ಮಳೆಯ ಲೆಕ್ಕ ಕಂಪ್ಯೂಟರಿಗೆ ತಲುಪುವ ಬಗೆ ಹಾಗೂ ಬೆಳೆ ವಿಮೆ ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ, ಸಾಮಾನ್ಯವಾಗಿ ಸರ್ಕಾರಿ ಕಟ್ಟಡವೊಂದರ ಆವರಣದಲ್ಲಿ, ಸಣ್ಣ ಸೌರಫಲಕ ಹೊಂದಿರುವ ಮಳೆಮಾಪಕ ಉಪಕರಣವನ್ನು ಸಾರ್ವಜನಿಕರು ನೋಡಿರಬಹುದು. ಇದನ್ನು ಟೆಲಿಮೆಟ್ರಿಕ್ ಮಳೆಮಾಪಕ ಎಂದು ಕರೆಯಲಾಗುತ್ತದೆ. ಬಿದ್ದ ಮಳೆಯನ್ನು ತಾನೇ ಅಳೆದು, ಅಂಕಿ ಅಂಶವನ್ನು ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಕಂಪ್ಯೂಟರಿಗೆ ಕಳುಹಿಸುವುದು ಇದರ ಕೆಲಸ.

ಅಡಿಕೆ ತೋಟದ ಮಾಲೀಕರು ಹವಾಮಾನ ಆಧಾರಿತ ಬೆಳೆ ವಿಮೆಗೆ ಅರ್ಜಿ ಸಲ್ಲಿಸಿದಾಗ, ಪರಿಹಾರ ದೊರೆಯುವುದೇ ಇಲ್ಲವೇ ಎಂಬುದು ತೋಟದಲ್ಲಿ ಆದ ನಷ್ಟವನ್ನು ನೋಡಿ ತೀರ್ಮಾನವಾಗುವುದಿಲ್ಲ. ಹವಾಮಾನ ಉಪಕರಣಗಳು ದಾಖಲಿಸಿದ ಅಂಕಿಗಳಿಂದ ತೀರ್ಮಾನವಾಗುತ್ತದೆ. ಈ ಸಂಗತಿಯನ್ನು ಅರಿಯದೆ ಅನೇಕ ಅರ್ಜಿದಾರರು ಕಛೇರಿಗಳಿಗೆ ಅಲೆಯುವುದುಂಟು. ಆದ್ದರಿಂದ ಉಪಕರಣವು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ತಪ್ಪುತ್ತದೆ, ತಪ್ಪಿದಾಗ ಅರ್ಜಿದಾರರು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಹಿಂದೆ ಮಳೆಯ ಅಳತೆಯನ್ನು ಸಿಬ್ಬಂದಿಯೇ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳತೆ ಗಾಜಿನಲ್ಲಿ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಇಂತಹ ಕೇಂದ್ರಗಳು ಇಂದಿಗೂ ಇವೆ. ಆದರೆ ಅವುಗಳ ಸಂಖ್ಯೆ ಕಡಿಮೆ. ಒಂದು ಹೋಬಳಿಯ ಒಂದು ಮೂಲೆಯಲ್ಲಿ ಸುರಿದ ಮಳೆ ಇನ್ನೊಂದು ಮೂಲೆಯಲ್ಲಿ ಹನಿಯೂ ಇಲ್ಲದಿರುವುದು ನಮ್ಮ ಭಾಗದಲ್ಲಿ ಅಪರೂಪವಲ್ಲ. ಉಬ್ರಾಣಿ ಹೋಬಳಿಯ ಕಾಡಂಚಿನ ಮಳೆಯನ್ನು ಸಂತೇಬೆನ್ನೂರಿನ ಬಯಲಿಗೆ ಅನ್ವಯಿಸಲು ಬಾರದು.

1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭಗೊಂಡ ರಾಜ್ಯದ ಸಂಸ್ಥೆಯೇ ಮುಂದೆ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಈ ಕೇಂದ್ರವು ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಅಳವಡಿಸಿದ್ದು, ರಾಜ್ಯದಲ್ಲಿ ಮಳೆಮಾಪಕಗಳ ಸಂಖ್ಯೆ 6,000ಕ್ಕೂ ಅಧಿಕವಾಗಿರುತ್ತದೆ. ಪಂಚಾಯಿತಿ ಮಟ್ಟದ ಮಳೆಮಾಪಕ ಜಾಲವನ್ನು ದೇಶದಾದ್ಯಂತ ವಿಸ್ತರಿಸುವ ಉದ್ದೇಶದಿಂದ ಕೇಂದ್ರ ಸರ್ಕಾರವು ವಿಂಡ್ಸ್ ಎಂಬ ಕಾರ್ಯಕ್ರಮವನ್ನು ಪ್ರಕಟಿಸಿದ್ದು 2023ರಲ್ಲಿ; ಕರ್ನಾಟಕದಲ್ಲಿ ಅದಕ್ಕೆ ಬಹಳ ಮೊದಲೇ ಇಂತಹ ಜಾಲವಿತ್ತು.

ಉಪಕರಣದ ಕಾರ್ಯವಿಧಾನ

ಮಳೆಮಾಪಕದ ಮೇಲ್ಭಾಗದಲ್ಲಿ ಒಂದು ಆಲಿಕೆ ಇರುತ್ತದೆ. ಆಲಿಕೆಯ ಬಾಯಿಗೆ ಬಿದ್ದ ನೀರು ಕೆಳಗಿರುವ ಜೋಡಿ ಬಟ್ಟಲಿಗೆ ಇಳಿಯುತ್ತದೆ. ಈ ಜೋಡಿ ಬಟ್ಟಲು ಮಕ್ಕಳು ಆಡುವ ಏತದಂತೆ ನಡುವಿನ ಕೀಲಿನ ಮೇಲೆ ನಿಂತಿರುತ್ತದೆ. ಒಂದು ಬಟ್ಟಲು ನಿಗದಿತ ಪ್ರಮಾಣದಷ್ಟು ತುಂಬಿದೊಡನೆ ಭಾರಕ್ಕೆ ಮಗುಚಿ ನೀರನ್ನು ಚೆಲ್ಲುತ್ತದೆ. ಅದೇ ಕ್ಷಣದಲ್ಲಿ ಇನ್ನೊಂದು ಬಟ್ಟಲು ಆಲಿಕೆಯ ಕೆಳಕ್ಕೆ ಬರುತ್ತದೆ. ಈ ತತ್ವ ಹೊಸದೇನಲ್ಲ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ರಿಸ್ಟೋಫರ್ ರೆನ್ ಇಂತಹ ಮಗುಚುವ ಬಟ್ಟಲಿನ ಮಾಪಕವನ್ನು ರೂಪಿಸಿದ್ದನು.

ಒಂದು ಮಗುಚುವಿಕೆಗೆ ಎಷ್ಟು ಮಳೆ ಎಂಬುದು ಉಪಕರಣದ ತಯಾರಿಕೆಯಲ್ಲಿಯೇ ನಿಗದಿಯಾಗಿರುತ್ತದೆ. 0.2 ಮಿ.ಮೀ. ಮತ್ತು 0.5 ಮಿ.ಮೀ. ಅಳತೆಗಳು ಸಾಮಾನ್ಯ. ಉದಾಹರಣೆಗೆ, ಆಲಿಕೆಯ ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇದ್ದು, ಬಟ್ಟಲು 10 ಮಿಲಿ ಲೀಟರ್ ನೀರಿಗೆ ಮಗುಚುವಂತಿದ್ದರೆ, ಪ್ರತಿ ಮಗುಚುವಿಕೆಯು 0.5 ಮಿ.ಮೀ. ಮಳೆಯನ್ನು ಸೂಚಿಸುತ್ತದೆ. 64 ಬಾರಿ ಮಗುಚಿದರೆ 32 ಮಿ.ಮೀ. ಮಳೆಯಾಗಿದೆ ಎಂದರ್ಥ. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಎಂಬುದನ್ನು ಇಲ್ಲಿ ನೆನಪಿನಲ್ಲಿಡಬಹುದು.

ಇಲ್ಲಿಯವರೆಗೆ ನಡೆದುದೆಲ್ಲವೂ ನೀರಿನ ಹಾಗೂ ಭಾರದ ಕೆಲಸ. ಕಂಪ್ಯೂಟರಿಗೆ ನೀರು ತಿಳಿಯದು, ವಿದ್ಯುತ್ ಸಂಕೇತ ಮಾತ್ರ ತಿಳಿಯುತ್ತದೆ. ಆದ್ದರಿಂದ ಬಟ್ಟಲಿಗೆ ಒಂದು ಚಿಕ್ಕ ಅಯಸ್ಕಾಂತವನ್ನು ಜೋಡಿಸಲಾಗಿರುತ್ತದೆ. ಬಟ್ಟಲು ಮಗುಚುವಾಗ ಅಯಸ್ಕಾಂತವು ರೀಡ್ ಸ್ವಿಚ್ ಎಂಬ ಗಾಜಿನ ಕೊಳವೆಯ ಮುಂದೆ ಹಾದುಹೋಗುತ್ತದೆ. ಕೊಳವೆಯೊಳಗಿನ ಎರಡು ಲೋಹದ ಎಸಳುಗಳು ಒಂದು ಕ್ಷಣ ಕೂಡಿ ಬಿಡುತ್ತವೆ. ಆಗ ಒಂದು ವಿದ್ಯುತ್ ಮಿಡಿತ ಉಂಟಾಗುತ್ತದೆ. ತಂತಿಯ ಮೂಲಕ ಈ ಮಿಡಿತವು ಡೇಟಾ ಲಾಗರ್ ಎಂಬ ಪೆಟ್ಟಿಗೆಯನ್ನು ತಲುಪುತ್ತದೆ.

ಡೇಟಾ ಲಾಗರ್ ಎಂಬುದು ಸಣ್ಣ ಕಂಪ್ಯೂಟರೇ ಸರಿ. ಅದರಲ್ಲಿ ಗಡಿಯಾರ, ನೆನಪಿನ ಕೋಶ ಹಾಗೂ ಎಣಿಕೆಯ ವ್ಯವಸ್ಥೆ ಇರುತ್ತದೆ. ಮಿಡಿತಗಳನ್ನು ಎಣಿಸಿ, 15 ನಿಮಿಷಕ್ಕೊಮ್ಮೆ ದಿನಾಂಕ, ವೇಳೆ, ಕೇಂದ್ರದ ಗುರುತಿನ ಸಂಖ್ಯೆ ಮತ್ತು ಮಳೆಯ ಪ್ರಮಾಣವನ್ನು ಒಂದು ಸಾಲಾಗಿ ಬರೆದಿಡುತ್ತದೆ. ಒಂದು ದಿನಕ್ಕೆ ಇಂತಹ 96 ಸಾಲುಗಳಾಗುತ್ತವೆ. ಪೆಟ್ಟಿಗೆಯೊಳಗೆ ಸಿಮ್ ಕಾರ್ಡ್ ಅಳವಡಿಸಿದ ಮೋಡೆಮ್ ಇದ್ದು, ಅದು ಸಾಮಾನ್ಯ ಮೊಬೈಲ್ ದೂರವಾಣಿಯಂತೆಯೇ ಸಮೀಪದ ಗೋಪುರದ ಮೂಲಕ ಜಿ.ಪಿ.ಆರ್.ಎಸ್. ಸೇವೆಯನ್ನು ಬಳಸಿ ಈ ಸಾಲುಗಳನ್ನು ಯಲಹಂಕದ ಸರ್ವರಿಗೆ ರವಾನಿಸುತ್ತದೆ. ಹಗಲಿನಲ್ಲಿ ಸೌರಫಲಕವು ಬ್ಯಾಟರಿಯನ್ನು ತುಂಬಿಸುವುದರಿಂದ ಊರಿನ ವಿದ್ಯುತ್ ನಿಂತರೂ ಉಪಕರಣವು ನಿಲ್ಲುವುದಿಲ್ಲ.

ಹೋಬಳಿ ಮಟ್ಟದ ಹವಾಮಾನ ಕೇಂದ್ರದಲ್ಲಿ ಮಳೆಯ ಜೊತೆಗೆ ಉಷ್ಣಾಂಶ, ಗಾಳಿಯ ತೇವಾಂಶ, ಗಾಳಿಯ ವೇಗ ಮತ್ತು ದಿಕ್ಕನ್ನೂ ಅಳೆಯಲಾಗುತ್ತದೆ. ರವಾನೆಯ ವಿಧಾನ ಒಂದೇ.

ದೂರದಿಂದ ಆಗುವುದು, ಆಗದಿರುವುದು

ಉಪಕರಣ ಮತ್ತು ಸರ್ವರ್ ನಡುವಿನ ಸಂಪರ್ಕವು ಒಮ್ಮುಖವಾಗಿರಬೇಕಾಗಿಲ್ಲ. ಇಂತಹ ಡೇಟಾ ಲಾಗರುಗಳಿಗೆ ಕೇಂದ್ರದಿಂದ ಆದೇಶಗಳನ್ನು ಕಳುಹಿಸುವ ಅವಕಾಶವಿರುತ್ತದೆ: ಗಡಿಯಾರವನ್ನು ಸರಿಪಡಿಸುವುದು, ರವಾನೆಯ ಅಂತರವನ್ನು ಬದಲಿಸುವುದು, ಬ್ಯಾಟರಿಯ ಸ್ಥಿತಿಯನ್ನು ವಿಚಾರಿಸುವುದು, ತಲುಪದೆ ಹೋದ ಸಾಲುಗಳನ್ನು ಮತ್ತೆ ಕಳುಹಿಸುವಂತೆ ಸೂಚಿಸುವುದು ಇತ್ಯಾದಿ. ಈ ಪೈಕಿ ಗಡಿಯಾರದ ಕೆಲಸವು ಮೇಲ್ನೋಟಕ್ಕೆ ಅಲ್ಪವೆನಿಸಿದರೂ ಅತ್ಯಂತ ಮುಖ್ಯವಾದುದು. ಗಡಿಯಾರ ಒಂದು ಗಂಟೆ ಹಿಂದೆ ಬಿದ್ದರೆ ಒಂದು ದಿನದ ಮಳೆ ಇನ್ನೊಂದು ದಿನದ ಖಾತೆಗೆ ಸೇರಿಹೋಗುತ್ತದೆ.

ಆದರೆ ಆಲಿಕೆಗೆ ಬಿದ್ದ ಎಲೆಯನ್ನು ಯಲಹಂಕದಿಂದ ತೆಗೆಯಲಾಗದು. ಜೇಡರ ಬಲೆ, ಹಕ್ಕಿಯ ಹಿಕ್ಕೆ, ಇರುವೆಗೂಡು, ಬಟ್ಟಲಿನಲ್ಲಿ ಕಟ್ಟಿದ ಧೂಳಿನ ಕೆಸರು, ಸಡಿಲವಾದ ತಂತಿ, ಇವೆಲ್ಲಕ್ಕೂ ಮನುಷ್ಯರೇ ಸ್ಥಳಕ್ಕೆ ಹೋಗಬೇಕು. ಬೇಸಿಗೆಯಲ್ಲಿ ಧೂಳು ಏಳುವ ಜಗಳೂರಿನ ಬಯಲಿನಲ್ಲಿ ಮೊದಲ ಮಳೆಗೆ ಮುನ್ನ ಆಲಿಕೆಯನ್ನು ಶುಚಿಗೊಳಿಸದಿದ್ದಲ್ಲಿ ಮುಂಗಾರಿನ ಮೊದಲ ಹದ ಮಳೆಯೇ ಲೆಕ್ಕ ತಪ್ಪುವ ಸಂಭವವಿರುತ್ತದೆ.

ಮರಗಳ ವಿಷಯವನ್ನೂ ಇಲ್ಲಿ ಹೇಳಬೇಕಾಗುತ್ತದೆ. ಮಳೆಮಾಪಕವು ಸುತ್ತಲಿನ ಯಾವುದೇ ಕಟ್ಟಡ ಅಥವಾ ಮರದಿಂದ, ಆ ಅಡಚಣೆಯ ಎತ್ತರದ ಕನಿಷ್ಠ ಎರಡರಷ್ಟು ದೂರದಲ್ಲಿರಬೇಕೆಂಬುದು ಸಾಮಾನ್ಯ ನಿಯಮ. 15 ಮೀಟರ್ ಎತ್ತರದ ಅಡಿಕೆ ಮರ ಇದ್ದಲ್ಲಿ 30 ಮೀಟರ್ ಅಂತರ ಬೇಕು. ಉಪಕರಣ ಅಳವಡಿಸಿದ ವರ್ಷದಲ್ಲಿ ಮೊಣಕಾಲೆತ್ತರ ಇದ್ದ ಸಸಿ ಹತ್ತು ವರ್ಷಗಳಲ್ಲಿ ಆಲಿಕೆಗೆ ಮರೆಯಾಗಿ ನಿಲ್ಲಬಹುದು. ಇದನ್ನು ಸರ್ವರ್ ಎಂದಿಗೂ ತಿಳಿಸುವುದಿಲ್ಲ. ಪ್ರತಿದಿನ ಅದೇ ದಾರಿಯಲ್ಲಿ ಓಡಾಡುವ ಗ್ರಾಮಸ್ಥರೇ ತಿಳಿಸಬೇಕು.

ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸ

ಅಂಕಿ ಅಂಶದ ಪಟ್ಟಿಯನ್ನು ಪಡೆದ ಅರ್ಜಿದಾರರು ಮೊದಲು ಗಮನಿಸಬೇಕಾದುದು ಇದನ್ನೇ.

ಮೊಬೈಲ್ ಸಂಕೇತ ದೊರೆಯದಿದ್ದರೆ ಅಥವಾ ಬ್ಯಾಟರಿ ಸಂಪೂರ್ಣ ಇಳಿದುಹೋದರೆ ಸರ್ವರಿಗೆ ಯಾವ ಸಾಲೂ ಬರುವುದಿಲ್ಲ. ಪಟ್ಟಿಯಲ್ಲಿ ಆ ಭಾಗ ಖಾಲಿ ಇರುತ್ತದೆ. ಇಂತಹ ದೋಷ ಕೂಡಲೇ ಕಣ್ಣಿಗೆ ಬೀಳುತ್ತದೆ. ಸಂಕೇತದ ತೊಂದರೆ ಮಾತ್ರ ಆಗಿದ್ದರೆ ಲಾಗರ್ ತನ್ನ ನೆನಪಿನಲ್ಲಿ ಉಳಿಸಿಕೊಂಡ ಸಾಲುಗಳನ್ನು ಸಂಪರ್ಕ ಮರಳಿದ ನಂತರ ಕಳುಹಿಸಬಲ್ಲದು. ಆದ್ದರಿಂದ ಇಂದು ಖಾಲಿ ಕಂಡ ಜಾಗ ನಾಳೆ ತುಂಬಿರಬಹುದು. ಬ್ಯಾಟರಿಯೇ ಸತ್ತಿದ್ದರೆ ಆ ಅವಧಿಯ ಮಳೆ ಶಾಶ್ವತವಾಗಿ ಕಳೆದಂತೆ.

ಆಲಿಕೆ ಕಟ್ಟಿಕೊಂಡಾಗ ಆಗುವುದೇ ಬೇರೆ. ಲಾಗರ್, ಮೋಡೆಮ್, ಬ್ಯಾಟರಿ ಎಲ್ಲವೂ ಸುಸ್ಥಿತಿಯಲ್ಲಿರುತ್ತವೆ. ಮಿಡಿತ ಬಾರದ ಕಾರಣ ಲಾಗರ್ ಪ್ರತಿ 15 ನಿಮಿಷಕ್ಕೂ ಸೊನ್ನೆ ಎಂದು ಬರೆದು ತಪ್ಪದೆ ಕಳುಹಿಸುತ್ತಿರುತ್ತದೆ. ಸರ್ವರಿನ ದೃಷ್ಟಿಯಲ್ಲಿ ಅದು ಆರೋಗ್ಯವಂತ ಕೇಂದ್ರ, ಮಳೆ ಇಲ್ಲದ ಊರು. ಅಡಿಕೆಗೆ ಅತಿವೃಷ್ಟಿಯಿಂದ ಕೊಳೆರೋಗ ತಗುಲಿದ ವರ್ಷದಲ್ಲಿ ಇಂತಹ ಸೊನ್ನೆಗಳು ಸಾಲಾಗಿ ಬಂದರೆ ಪರಿಣಾಮವೇನೆಂದು ವಿವರಿಸಬೇಕಾಗಿಲ್ಲ.

ಆಲಿಕೆ ಪೂರ್ಣ ಮುಚ್ಚದೆ ಅರ್ಧ ಮುಚ್ಚಿದ್ದಲ್ಲಿ ಇನ್ನೊಂದು ಬಗೆಯ ಗುರುತು ಕಾಣುತ್ತದೆ. ಮಳೆ ನಿಂತ ಮೇಲೂ ಆಲಿಕೆಯಲ್ಲಿ ನಿಂತ ನೀರು ತೊಟ್ಟಿಕ್ಕುತ್ತಾ ಗಂಟೆಗಟ್ಟಲೆ ಸಮಾನ ಪ್ರಮಾಣದ ಸಣ್ಣ ಅಂಕಿಗಳು ಬರುತ್ತವೆ. ನೈಜ ಮಳೆ ಹಾಗೆ ಬರುವುದಿಲ್ಲ. ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಅಕ್ಕಪಕ್ಕದ ಎರಡು ಮೂರು ಪಂಚಾಯಿತಿಗಳ ಅದೇ ದಿನದ ಅಂಕಿಗಳನ್ನು ಜೊತೆಗಿಟ್ಟು ನೋಡಿದರೆ ಇಂತಹ ದೋಷವನ್ನು ಪರಿಣತಿ ಇಲ್ಲದವರೂ ಗುರುತಿಸಬಹುದು.

ಬಹಳ ಬಿರುಸಾದ ಮಳೆಯಲ್ಲಿ ಬಟ್ಟಲು ಮಗುಚುವ ಕ್ಷಣಾರ್ಧದಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗದೆ ಹೋಗುವುದರಿಂದ ಅಳತೆ ಸ್ವಲ್ಪ ಕಡಿಮೆ ತೋರುವುದು ಈ ಬಗೆಯ ಎಲ್ಲಾ ಉಪಕರಣಗಳ ಸ್ವಭಾವ. ಅದು ಕೆಟ್ಟಿದೆ ಎಂದರ್ಥವಲ್ಲ.

ಮಳೆಯ ದಿನದ ಗಣನೆ

ಪಂಚಾಂಗದ ದಿನ ಸೂರ್ಯೋದಯಕ್ಕೆ, ಕ್ಯಾಲೆಂಡರಿನ ದಿನ ಮಧ್ಯರಾತ್ರಿಗೆ ಆರಂಭವಾಗುತ್ತದೆ. ಮಳೆಯ ದಿನವು ಬೆಳಿಗ್ಗೆ 8.30ಕ್ಕೆ ಆರಂಭವಾಗಿ ಮರುದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಮುಗಿದ ದಿನಾಂಕವೇ ಅದರ ದಿನಾಂಕ. ಜುಲೈ 12ರ ರಾತ್ರಿ ಸುರಿದ ಮಳೆ ಜುಲೈ 13ರ ಲೆಕ್ಕದಲ್ಲಿ ಕಾಣುತ್ತದೆ. 12ನೇ ತಾರೀಖಿನ ಎದುರು ಸೊನ್ನೆ ಕಂಡು ಗಾಬರಿಪಡುವ ಕಾರಣವಿಲ್ಲ.

ಇದರಿಂದ ಇನ್ನೊಂದು ಪರಿಣಾಮವೂ ಇದೆ. ಬೆಳಿಗ್ಗೆ 6ರಿಂದ 11 ಗಂಟೆಯವರೆಗೆ 30 ಮಿ.ಮೀ. ಮಳೆ ಸುರಿದು, ಅದರಲ್ಲಿ 14 ಮಿ.ಮೀ. 8.30ಕ್ಕೆ ಮೊದಲು, 16 ಮಿ.ಮೀ. ನಂತರ ಬಿದ್ದಿದೆ ಎಂದಿಟ್ಟುಕೊಳ್ಳೋಣ. ವಿಮೆಯ ಷರತ್ತಿನಲ್ಲಿ ದಿನಕ್ಕೆ 20 ಮಿ.ಮೀ. ಮೀರಬೇಕೆಂದಿದ್ದರೆ, ಎರಡೂ ದಿನಗಳಲ್ಲಿ ಬೇರೆ ಮಳೆಯಾಗದಿದ್ದಲ್ಲಿ ಯಾವ ದಿನವೂ ಅರ್ಹವಾಗುವುದಿಲ್ಲ. (20 ಮಿ.ಮೀ. ಎಂಬುದು ಇಲ್ಲಿ ಕೇವಲ ಉದಾಹರಣೆ.) ರೈತರ ಕಣ್ಣಿಗೆ ಅದು ಒಂದೇ ಮಳೆ, ದಾಖಲೆಯಲ್ಲಿ ಎರಡು. ನಿಯಮವು ಎಲ್ಲಾ ಕೇಂದ್ರಗಳಿಗೂ ಒಂದೇ ಆಗಿರುವುದರಿಂದ ಇದರಲ್ಲಿ ಪಕ್ಷಪಾತವಿಲ್ಲ. ಆದರೂ ತಿಳಿದಿರುವುದು ಒಳಿತು.

ಬೆಳೆ ವಿಮೆಗೆ ಇರುವ ಸಂಬಂಧ

ಮರುವಿನ್ಯಾಸಗೊಳಿಸಿದ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯು 2016ರ ಮುಂಗಾರು ಹಂಗಾಮಿನಿಂದ ಜಾರಿಗೆ ಬಂದಿದ್ದು, ರಾಜ್ಯದಲ್ಲಿ ಅಧಿಸೂಚಿತ ತೋಟಗಾರಿಕೆ ಬೆಳೆಗಳಿಗೆ ಅನ್ವಯಿಸುತ್ತದೆ. ಚನ್ನಗಿರಿ, ಹೊನ್ನಾಳಿ ಹಾಗೂ ನ್ಯಾಮತಿ ಭಾಗದಲ್ಲಿ ಇವುಗಳ ಪೈಕಿ ಅಡಿಕೆಯೇ ಪ್ರಧಾನ. ಅಡಿಕೆಗೆ ಹೆಕ್ಟೇರಿಗೆ ರೂ. 1,28,000 ವಿಮಾ ಮೊತ್ತದ ಮೇಲೆ ಶೇ. 5ರಂತೆ ರೈತರ ವಂತಿಗೆ ರೂ. 6,400 ಎಂದು ಇತ್ತೀಚಿನ ವರ್ಷಗಳಲ್ಲಿ ನಿಗದಿಯಾಗಿರುತ್ತದೆ. ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ. ಈ ಲೆಕ್ಕದಲ್ಲಿ ಒಂದು ಎಕರೆ ತೋಟಕ್ಕೆ ವಂತಿಗೆ ಸುಮಾರು ರೂ. 2,590 ಆಗುತ್ತದೆ. ಉಳಿದ ವಂತಿಗೆಯನ್ನು ಕೇಂದ್ರ ಹಾಗೂ ರಾಜ್ಯ ಸರ್ಕಾರಗಳು ಭರಿಸುತ್ತವೆ.

ಪ್ರತಿ ಬೆಳೆಗೆ ಯಾವ ತಿಂಗಳಲ್ಲಿ ಎಷ್ಟು ಮಳೆ, ಎಷ್ಟು ಉಷ್ಣಾಂಶ ಅಥವಾ ತೇವಾಂಶ ಮೀರಿದರೆ, ಇಲ್ಲವೇ ಕಡಿಮೆಯಾದರೆ, ಹೆಕ್ಟೇರಿಗೆ ಎಷ್ಟು ಪರಿಹಾರ ಎಂಬ ಪಟ್ಟಿಯನ್ನು ಮೊದಲೇ ನಿಗದಿಪಡಿಸಲಾಗುತ್ತದೆ. ಅವಧಿ ಮುಗಿದ ನಂತರ ಆಯಾ ಪಂಚಾಯಿತಿಗೆ ಸೂಚಿತವಾದ ಕೇಂದ್ರದ ಅಂಕಿಗಳನ್ನು ಪಟ್ಟಿಗೆ ಹೋಲಿಸಿ ಪರಿಹಾರವನ್ನು ಲೆಕ್ಕಹಾಕಲಾಗುತ್ತದೆ. ಇದಕ್ಕಾಗಿ ರೈತರು ಪ್ರತ್ಯೇಕ ನಷ್ಟದ ಅರ್ಜಿ ಕೊಡಬೇಕಾಗಿಲ್ಲ, ಸ್ಥಳ ತನಿಖೆಯೂ ಇರುವುದಿಲ್ಲ. ಈ ವ್ಯವಸ್ಥೆಯ ಅನುಕೂಲ ಇದು. ಅನನುಕೂಲವೂ ಇದರಲ್ಲಿಯೇ ಇದೆ: ಮಾಪಕದಿಂದ ನಾಲ್ಕು ಕಿ.ಮೀ. ದೂರದ ತೋಟದಲ್ಲಿ ಸುರಿದ ಮಳೆ ಮಾಪಕದ ಮೇಲೆ ಸುರಿಯದಿದ್ದರೆ ಪರಿಹಾರ ಬರುವುದಿಲ್ಲ. ತೋಟಕ್ಕೆ ಏನೂ ಆಗದಿದ್ದರೂ ಮಾಪಕದ ಅಂಕಿ ಮೀರಿದ್ದರೆ ಪರಿಹಾರ ಬರುತ್ತದೆ.

ಸೂಚಿತ ಕೇಂದ್ರದ ಅಂಕಿಗಳು ಲಭ್ಯವಿಲ್ಲದಿದ್ದರೆ ಬದಲಿ ಕೇಂದ್ರದ ಅಂಕಿಗಳನ್ನು ಬಳಸಲು ಯೋಜನೆಯಲ್ಲಿ ಅವಕಾಶವಿದೆ. ಬದಲಿ ಕೇಂದ್ರ ಬಹುತೇಕ ನೆರೆಯ ಪಂಚಾಯಿತಿಯದಾಗಿರುತ್ತದೆ. ಮೇಲೆ ಹೇಳಿದ ಸೊನ್ನೆ ಮತ್ತು ಖಾಲಿಯ ವ್ಯತ್ಯಾಸ ಇಲ್ಲಿ ನಿರ್ಣಾಯಕವಾಗುತ್ತದೆ. ಖಾಲಿ ಇದ್ದಲ್ಲಿ ಬದಲಿ ಕೇಂದ್ರದ ಅಂಕಿ ಬರುತ್ತದೆ. ತಪ್ಪಾದ ಸೊನ್ನೆ ಇದ್ದಲ್ಲಿ ಅದು ಅಂಕಿಯೆಂದೇ ಪರಿಗಣಿತವಾಗುವ ಅಪಾಯವಿದೆ.

ಜಗಳೂರಿನ ಮೆಕ್ಕೆಜೋಳ, ಶೇಂಗಾ, ರಾಗಿ ಮುಂತಾದ ಬೆಳೆಗಳ ವಿಷಯ ಬೇರೆ. ಇವು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಗೆ ಸೇರುತ್ತವೆ. ಅದರಲ್ಲಿ ಪರಿಹಾರವು ಬೆಳೆ ಕಟಾವು ಪ್ರಯೋಗದ ಇಳುವರಿಯನ್ನು ಆಧರಿಸುತ್ತದೆ. ಹಾಗಿದ್ದರೂ ಮಳೆಮಾಪಕಕ್ಕೆ ಅಲ್ಲಿಯೂ ಕೆಲಸವಿದೆ. ಮಳೆ ಕೈಕೊಟ್ಟು ವಿಮಾ ಘಟಕದ ಶೇ. 75ಕ್ಕಿಂತ ಹೆಚ್ಚು ಪ್ರದೇಶದಲ್ಲಿ ಬಿತ್ತನೆಯೇ ಆಗದಿದ್ದರೆ ವಿಮಾ ಮೊತ್ತದ ಶೇ. 25ರಷ್ಟನ್ನು ನೀಡುವ ಅವಕಾಶವಿದ್ದು, ಮಳೆ ಕೊರತೆಯನ್ನು ತೋರಿಸುವಲ್ಲಿ ಈ ಅಂಕಿಗಳು ಮುಖ್ಯ. ಬರ ಘೋಷಣೆಯಲ್ಲಿಯೂ ಅಷ್ಟೇ. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯಂತೆ ಮಳೆಯ ಕೊರತೆ ಹಾಗೂ ಸತತ ವಾರಗಳ ಒಣ ಅವಧಿಯನ್ನು ಮೊದಲು ನೋಡಲಾಗುತ್ತದೆ. 2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ ಇಂತಹ ಅಂಕಿಗಳೇ ಆಧಾರದಲ್ಲಿದ್ದವು.

ಅರ್ಜಿ ಸಲ್ಲಿಸುವ ಮುನ್ನ

ಅರ್ಜಿಗಳನ್ನು ಬ್ಯಾಂಕ್, ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರದ ಮೂಲಕ ಸಲ್ಲಿಸಬಹುದಾಗಿದ್ದು, ಅವು ರಾಜ್ಯದ ಸಂರಕ್ಷಣೆ ತಂತ್ರಾಂಶದಲ್ಲಿ ದಾಖಲಾಗುತ್ತವೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕ ಹಾಗೂ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಕೊನೆಯ ದಿನಾಂಕವನ್ನು ಪ್ರತಿ ವರ್ಷದ ಅಧಿಸೂಚನೆಯಲ್ಲಿ ಪ್ರಕಟಿಸಲಾಗುತ್ತದೆ. ವಿಮೆಗೆ ನಮೂದಿಸಿದ ಬೆಳೆಯು ಬೆಳೆ ಸಮೀಕ್ಷೆಯ ದಾಖಲೆಗೆ ತಾಳೆಯಾಗದಿದ್ದಲ್ಲಿ ಪ್ರಸ್ತಾವನೆ ತಿರಸ್ಕೃತವಾಗಬಹುದು. ಮೆಕ್ಕೆಜೋಳದ ಹೊಲವನ್ನು ಅಡಿಕೆ ತೋಟವಾಗಿ ಪರಿವರ್ತಿಸಿದವರು ಈ ಬಗ್ಗೆ ವಿಶೇಷವಾಗಿ ಗಮನಹರಿಸಬೇಕು. 2020ರ ಮುಂಗಾರಿನಿಂದ ಯೋಜನೆಯು ಬೆಳೆ ಸಾಲ ಪಡೆದವರಿಗೂ ಐಚ್ಛಿಕವಾಗಿರುತ್ತದೆ. ವಿಮೆ ಬೇಡವೆನ್ನುವ ಸಾಲಗಾರ ರೈತರು ಕೊನೆಯ ದಿನಾಂಕಕ್ಕೆ 7 ದಿನ ಮೊದಲು ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು.

ವಂತಿಗೆ ಪಾವತಿಸುವ ಮುನ್ನವೇ ತಮ್ಮ ಪಂಚಾಯಿತಿಯ ಸೂಚಿತ ಕೇಂದ್ರ ಯಾವುದು, ಬದಲಿ ಕೇಂದ್ರ ಯಾವುದು, ಷರತ್ತುಗಳ ಪಟ್ಟಿಯಲ್ಲಿ ಏನಿದೆ ಎಂಬುದನ್ನು ತಾಲ್ಲೂಕಿನ ತೋಟಗಾರಿಕೆ ಕಛೇರಿಯಲ್ಲಿ ಕೇಳಿ ತಿಳಿಯುವುದು ಸೂಕ್ತ. ಪರಿಹಾರ ಬಾರದೆ ಹೋದ ಮೇಲೆ ಕೇಳುವುದಕ್ಕಿಂತ ಇದು ಎಷ್ಟೋ ಉಪಯುಕ್ತ.

ಉಪಕರಣ ಕೆಟ್ಟಿದೆಯೆಂದು ಕಂಡುಬಂದಲ್ಲಿ

ಜೋರು ಮಳೆಯಾದ ದಿನ ಉಪಕರಣದ ಅಂಕಿಯನ್ನು ಅಂದೇ ಪರಿಶೀಲಿಸುವುದು ಉತ್ತಮ. ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ 92433 45433ಕ್ಕೆ ಕರೆಮಾಡಿ ಮಳೆಯ ಮಾಹಿತಿ ಪಡೆಯಬಹುದು. ಊರಿನಲ್ಲಿ ಮಳೆಯಾಗಿದ್ದು ದಾಖಲೆಯಲ್ಲಿ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಗೂ ತಾಲ್ಲೂಕಿನ ತೋಟಗಾರಿಕೆ ಕಛೇರಿಗೂ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ದೂರಿನಲ್ಲಿ ದಿನಾಂಕ, ಮಳೆ ಆರಂಭವಾದ ಹಾಗೂ ನಿಂತ ವೇಳೆ, ನೆರೆಯ ಪಂಚಾಯಿತಿಯ ಅಂಕಿ, ಬೇಲಿಯ ಹೊರಗಿನಿಂದ ತೆಗೆದ ಛಾಯಾಚಿತ್ರ ಇದ್ದರೆ ಪರಿಶೀಲನೆ ಸುಲಭ. ಹಂಗಾಮು ಮುಗಿದು ಲೆಕ್ಕ ಅಂತಿಮವಾದ ಮೇಲೆ ಬರುವ ದೂರಿಗೆ ಇಷ್ಟು ಬಲ ಇರುವುದಿಲ್ಲ. ಆ ವೇಳೆಗೆ ಆಲಿಕೆಯಲ್ಲಿದ್ದ ಕಸ ಗಾಳಿಗೆ ಹಾರಿಹೋಗಿರುತ್ತದೆ.

ಉಪಕರಣವನ್ನು ಸ್ವತಃ ತೆರೆಯುವುದಾಗಲಿ, ಆಲಿಕೆಗೆ ನೀರು ಸುರಿದು ಪರೀಕ್ಷಿಸುವುದಾಗಲಿ ಸಲ್ಲದು. ಸದುದ್ದೇಶದಿಂದ ಸುರಿದ ಒಂದು ಚೊಂಬು ನೀರು ಲಾಗರಿಗೆ ಮಳೆಯೇ. ಸುಮಾರು ಒಂದು ಲೀಟರ್ ನೀರು ಮೇಲಿನ ಉದಾಹರಣೆಯ ಮಾಪಕದಲ್ಲಿ 50 ಮಿ.ಮೀ. ಮಳೆಯಾಗಿ ದಾಖಲಾಗುತ್ತದೆ. ಅಕ್ಕಪಕ್ಕದಲ್ಲೆಲ್ಲ ಒಣಗಿರುವಾಗ ಬಂದ ಇಂತಹ ಅಂಕಿ ಪರಿಶೀಲನೆಯಲ್ಲಿ ಸಂಶಯಕ್ಕೆ ಒಳಗಾಗಿ, ಅದೇ ಕೇಂದ್ರದ ನೈಜ ಮಳೆಯ ಅಂಕಿಗಳ ಮೇಲೂ ನಂಬಿಕೆ ಕಡಿಮೆಯಾಗಬಹುದು.

ಪಂಚಾಯಿತಿಯ ಮಳೆಯ ದೈನಂದಿನ ಅಥವಾ 15 ನಿಮಿಷಗಳ ವಿವರದ ಪ್ರತಿ ಬೇಕಾದವರು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ. ಅರ್ಜಿಯಲ್ಲಿ ಪಂಚಾಯಿತಿ, ಹೋಬಳಿ, ತಾಲ್ಲೂಕಿನ ಹೆಸರು ಹಾಗೂ ಅವಧಿಯನ್ನು ಸ್ಪಷ್ಟವಾಗಿ ಬರೆಯಬೇಕು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿರುವುದರಿಂದ, ಬೆಳಗುತ್ತಿ, ಗೋವಿನಕೋವಿ ಮತ್ತು ನ್ಯಾಮತಿ ಹೋಬಳಿಗಳ ಹಳೆಯ ವರ್ಷಗಳ ಅಂಕಿಗಳು ಹೊನ್ನಾಳಿ ತಾಲ್ಲೂಕಿನ ಹೆಸರಿನಲ್ಲಿ ಇರುತ್ತವೆ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ವಿಮಾ ಪ್ರಸ್ತಾವನೆ ಹಾಗೂ ಪರಿಹಾರಕ್ಕೆ ಸಂಬಂಧಿಸಿದ ದೂರುಗಳಿಗೆ ಕೇಂದ್ರ ಸರ್ಕಾರದ ಸಹಾಯವಾಣಿ 14447 ಇರುತ್ತದೆ.